ಕಾರಿನ ವಿದ್ಯುತ್ತಿನಿಂದ ಕೈರೇಡಿಯೊ: ಸುರಕ್ಷಿತ ಜೋಡಣೆಗೆ ಕೆಲವು ಸೂಚನೆಗಳು

2005ರ ಜುಲೈ 26ರ ದಿನವನ್ನು ಮುಂಬಯಿ ಕನ್ನಡಿಗರು ಮರೆತಿರಲಾರರು. ಅಂದು ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ರೈಲುಗಳು ನಿಂತವು. ಉಪನಗರಗಳ ಅನೇಕ ಭಾಗಗಳಲ್ಲಿ ವಿದ್ಯುತ್ ಸರಬರಾಜು ಕಡಿದುಹೋಯಿತು. ಮೊಬೈಲ್ ಫೋನುಗಳು ಮೂಕವಾದವು. ಅಸಂಖ್ಯ ಜನರು ಬಸ್ಸು, ಕಾರುಗಳಲ್ಲಿಯೇ ರಾತ್ರಿಯನ್ನು ಕಳೆಯಬೇಕಾಯಿತು. 2015ರ ಡಿಸೆಂಬರ್ ತಿಂಗಳಲ್ಲಿ ಚೆನ್ನೈ ನಗರದ ನಮ್ಮವರಿಗೂ ಇಂಥದೇ ಅನುಭವವಾಯಿತು. ಫೋನು, ಟಿವಿ, ಇಂಟರ್‌ನೆಟ್‌ಗಳೆಲ್ಲ ಕೈಕೊಟ್ಟ ಹೊತ್ತಿನಲ್ಲಿ ಹೊರಗಿನ ಸುದ್ದಿಯನ್ನು ತಲುಪಿಸಬಲ್ಲ ಸಾಧನವೆಂದರೆ ಅಂಗೈಯಲ್ಲಿ ಹಿಡಿಯಬಹುದಾದ ಒಂದು ರೇಡಿಯೊ. ಅದರೊಳಗಿನ ಸೆಲ್ಲುಗಳು ಮುಗಿದವೆಂದರೆ ಯಾರ ದೃಷ್ಟಿಯಾದರೂ ಸಹಜವಾಗಿಯೇ ಕಾರಿನ ಬ್ಯಾಟರಿಯತ್ತ ಹೊರಳುತ್ತದೆ.

ಆದರೆ ಇಲ್ಲಿಯೇ ಎಚ್ಚರ ಅಗತ್ಯ. 'ಕಾರಿನದು ಹನ್ನೆರಡು ವೋಲ್ಟ್, ರೇಡಿಯೊದ ಮೇಲೂ ಹನ್ನೆರಡು ವೋಲ್ಟ್ ಎಂದೇ ಬರೆದಿದೆ, ಇನ್ನೇನು ತೊಂದರೆ?' ಎಂದು ಎರಡು ತಂತಿಗಳನ್ನು ನೇರವಾಗಿ ಸೇರಿಸುವವರುಂಟು. ಹೀಗೆ ಮಾಡಿದಾಗ ಬೆಲೆಬಾಳುವ ಉಪಕರಣ ಕ್ಷಣಾರ್ಧದಲ್ಲಿ ಕೆಡಬಹುದು. ಅದಕ್ಕಿಂತಲೂ ಗಂಭೀರವಾದುದು ಬೆಂಕಿಯ ಅಪಾಯ. ಕಾರಿನ ಹನ್ನೆರಡು ವೋಲ್ಟ್ ಎಂಬುದು ಒಂದು ಹೆಸರು ಮಾತ್ರ ಎಂಬುದನ್ನೂ, ಕಾರಿನಲ್ಲಿರುವ ಫ್ಯೂಸು ಕಾಯುವುದು ಕಾರಿನ ತಂತಿಯನ್ನೇ ಹೊರತು ನಮ್ಮ ರೇಡಿಯೊವನ್ನಲ್ಲ ಎಂಬುದನ್ನೂ ಅರಿತುಕೊಂಡರೆ ಉಳಿದ ವಿಚಾರವೆಲ್ಲ ತಾನಾಗಿಯೇ ತಿಳಿಯಾಗುತ್ತದೆ.

ಯಾವ ಕೈರೇಡಿಯೊ?

ಕೈಯಲ್ಲಿ ಹಿಡಿಯುವ ರೇಡಿಯೊಗಳಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಮೊದಲನೆಯದು ಪ್ರಸಾರ ಕೇಂದ್ರಗಳನ್ನು ಆಲಿಸುವ ಸಾಮಾನ್ಯ ಟ್ರಾನ್ಸಿಸ್ಟರ್. ಎರಡನೆಯದು ಹವ್ಯಾಸಿ ರೇಡಿಯೊ ಬಳಗದವರು, ಅಂದರೆ 'ಹ್ಯಾಮ್'ಗಳು, ಮಾತನಾಡಲು ಬಳಸುವ ಕೈಸೆಟ್. ಮೂರನೆಯದು ಸ್ಕ್ಯಾನರ್. ನೂರಾರು ತರಂಗಾಂತರಗಳನ್ನು ಒಂದಾದ ಮೇಲೊಂದರಂತೆ ಶೋಧಿಸುತ್ತ, ಎಲ್ಲಿ ಮಾತು ಕೇಳಿಬರುವುದೋ ಅಲ್ಲಿ ನಿಲ್ಲುವ ಗ್ರಾಹಕಯಂತ್ರವಿದು. ಇದರ ಬಳಕೆ ಅಮೆರಿಕದಲ್ಲಿ ಹೆಚ್ಚು. ಅಗ್ನಿಶಾಮಕ ದಳದ ಸಂವಾದ, ಕಾರು ಓಟದ ಸ್ಪರ್ಧೆಗಳ ಮಾತುಕತೆ, 162 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಹಗಲಿರುಳು ಬಿತ್ತರಗೊಳ್ಳುವ ಸರಕಾರಿ ಹವಾಮಾನ ವರದಿ ಮುಂತಾದವನ್ನು ಅಲ್ಲಿನವರು ಇದರಲ್ಲಿ ಆಲಿಸುತ್ತಾರೆ.

ಕಾನೂನಿನ ವಿಚಾರವನ್ನು ಇಲ್ಲಿಯೇ ಹೇಳಿಬಿಡುವುದು ಒಳಿತು. ಭಾರತದಲ್ಲಿ 1980ರ ದಶಕದವರೆಗೆ ಸಾಮಾನ್ಯ ರೇಡಿಯೊಗೂ ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ಲೈಸೆನ್ಸ್ ಪಡೆಯಬೇಕಿತ್ತೆಂಬುದು ಹಿರಿಯ ಓದುಗರಿಗೆ ನೆನಪಿರಬಹುದು. ಪ್ರಸಾರ ಆಲಿಸುವ ರೇಡಿಯೊಗೆ ಇಂದು ಆ ನಿರ್ಬಂಧವಿಲ್ಲ. ಆದರೆ ಉಳಿದ ನಿಸ್ತಂತು ಉಪಕರಣಗಳ ಮಾತು ಬೇರೆ. ಅನುಮತಿಯಿಲ್ಲದೆ ಅವುಗಳನ್ನು ಇಟ್ಟುಕೊಳ್ಳುವುದನ್ನು 1933ರ ನಿಸ್ತಂತು ಕಾಯಿದೆಯೇ ನಿಷೇಧಿಸಿತ್ತು. 2023ರಲ್ಲಿ ಸಂಸತ್ತು ಅಂಗೀಕರಿಸಿದ ದೂರಸಂಪರ್ಕ ಕಾಯಿದೆಯೂ ರೇಡಿಯೊ ಉಪಕರಣವನ್ನು ಹೊಂದಲು ಅನುಮತಿ ಬೇಕೆನ್ನುತ್ತದೆ. ಹ್ಯಾಮ್ ಕೈಸೆಟ್ ಬಳಸಬಯಸುವವರು ಕೇಂದ್ರ ಸಂಪರ್ಕ ಸಚಿವಾಲಯದ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಲೈಸೆನ್ಸ್ ಪಡೆಯಬೇಕು. ವಿದೇಶದಲ್ಲಿರುವ ಮಗನೋ ಮಗಳೋ ಪ್ರೀತಿಯಿಂದ ಕೊಡಿಸಿದರೆಂದು ಸ್ಕ್ಯಾನರನ್ನು ಇಲ್ಲಿಗೆ ತಂದು ಪೊಲೀಸರ ಸಂವಾದ ಆಲಿಸುವುದು ಸಲ್ಲದು. ಅಮೆರಿಕದಲ್ಲಿಯೂ ನ್ಯೂಯಾರ್ಕ್, ಫ್ಲಾರಿಡಾದಂಥ ಕೆಲವು ರಾಜ್ಯಗಳಲ್ಲಿ ವಾಹನದೊಳಗೆ ಪೊಲೀಸ್ ತರಂಗಾಂತರಗಳನ್ನು ಹಿಡಿಯುವ ಸ್ಕ್ಯಾನರಿಗೆ ನಿರ್ಬಂಧವಿದೆ.

ಈ ಮೂರೂ ಬಗೆಗಳಿಗೆ ಕಾರಿನಿಂದ ವಿದ್ಯುತ್ತು ಒದಗಿಸುವ ತತ್ತ್ವ ಒಂದೇ. ಮುಂದಿನ ಸೂಚನೆಗಳನ್ನು ಎಲ್ಲಕ್ಕೂ ಅನ್ವಯಿಸಿಕೊಳ್ಳಬಹುದು.

ಹನ್ನೆರಡು ಹನ್ನೆರಡಲ್ಲ

ಕಾರಿನ ಸೀಸ-ಆಮ್ಲ ಬ್ಯಾಟರಿಯಲ್ಲಿ ಆರು ಕೋಶಗಳಿರುತ್ತವೆ. ಒಂದೊಂದರದೂ ಸುಮಾರು 2.1 ವೋಲ್ಟ್. ಆದುದರಿಂದ ಪೂರ್ಣ ಚಾರ್ಜ್ ಆಗಿ ವಿಶ್ರಾಂತಿಯಲ್ಲಿರುವ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡತೊಡಗಿದಾಗ ಆಲ್ಟರ್ನೇಟರ್ ಬ್ಯಾಟರಿಗೆ ಮರಳಿ ವಿದ್ಯುತ್ತು ತುಂಬಬೇಕಾದುದರಿಂದ ವೋಲ್ಟೇಜು 13.8ರಿಂದ 14.4ರವರೆಗೆ ಏರುತ್ತದೆ. ಕೀಲಿ ತಿರುಗಿಸಿ ಎಂಜಿನ್ ಚಾಲೂ ಮಾಡುವ ಕ್ಷಣದಲ್ಲಿ ಸ್ಟಾರ್ಟರ್ ಮೋಟರು ನೂರಾರು ಆಂಪಿಯರ್ ಎಳೆದುಕೊಳ್ಳುವ ಕಾರಣ ಅದೇ ವೋಲ್ಟೇಜು ಒಂಬತ್ತಕ್ಕೋ ಅದಕ್ಕಿಂತ ಕೆಳಕ್ಕೋ ಕುಸಿಯುತ್ತದೆ.

ಇವಿಷ್ಟು ದಿನನಿತ್ಯದ ಏರಿಳಿತಗಳು. ಇವುಗಳ ಜೊತೆಗೆ ಅನಿರೀಕ್ಷಿತ ಆಘಾತಗಳೂ ಇವೆ. ಹಾರ್ನು, ಫ್ಯಾನು, ವೈಪರುಗಳ ಸುರುಳಿಗಳು ನಿಲ್ಲುವಾಗ ತಂತಿಗಳಲ್ಲಿ ಕ್ಷಣಿಕವಾದ ಅಧಿಕ ವೋಲ್ಟೇಜು ಹುಟ್ಟುತ್ತದೆ. ಆಲ್ಟರ್ನೇಟರು ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿರುವಾಗಲೇ ಬ್ಯಾಟರಿಯ ತುದಿ ಸಡಿಲಗೊಂಡು ಕಳಚಿದರಂತೂ ಆ ವಿದ್ಯುತ್ತಿಗೆ ಹೋಗಲು ಬೇರೆ ದಾರಿಯಿಲ್ಲದೆ ವೋಲ್ಟೇಜು ಹಲವು ಹತ್ತುಗಳಿಗೆ ನೆಗೆಯುತ್ತದೆ. ರಕ್ಷಣಾ ವ್ಯವಸ್ಥೆಯಿಲ್ಲದ ವಾಹನದಲ್ಲಿ ಅದು ನೂರರ ಸಮೀಪಕ್ಕೂ ಹೋಗಬಹುದು. ಸೆಕೆಂಡಿನ ಒಂದು ಸಣ್ಣ ಅಂಶ ಮಾತ್ರ ಇರುವ ಈ ಆಘಾತವನ್ನು ತಾಳಿಕೊಳ್ಳುವಂತೆ ಕಾರಿನ ಸ್ವಂತ ಉಪಕರಣಗಳನ್ನು ರೂಪಿಸಿರುತ್ತಾರೆ. ಎರಡು ಪೆನ್ಸಿಲ್ ಸೆಲ್ಲುಗಳ ಮೇಲೆ, ಅಂದರೆ 3 ವೋಲ್ಟಿನ ಮೇಲೆ ನಡೆಯಲೆಂದು ಮಾಡಿದ ಕೈರೇಡಿಯೊಗೆ ಆ ಶಕ್ತಿಯಿಲ್ಲ.

ಇನ್ನೊಂದು ಮಾತು: ಲಾರಿ ಮತ್ತು ದೊಡ್ಡ ಬಸ್ಸುಗಳಲ್ಲಿ ಸಾಮಾನ್ಯವಾಗಿ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 24 ವೋಲ್ಟ್ ಪಡೆಯುತ್ತಾರೆ. ಕಾರಿಗೆಂದು ಕೊಂಡ ಅಡಾಪ್ಟರನ್ನು ಅಲ್ಲಿ ಬಳಸಕೂಡದು. ವಿದ್ಯುತ್‌ಚಾಲಿತ ಕಾರುಗಳಲ್ಲಿಯೂ ದೀಪ, ಹಾರ್ನುಗಳಿಗಾಗಿ ಬೇರೊಂದು 12 ವೋಲ್ಟಿನ ಬ್ಯಾಟರಿ ಇರುತ್ತದೆ. ನಮ್ಮ ಸಂಬಂಧ ಅದರ ಸಾಕೆಟಿನೊಡನೆ ಮಾತ್ರ. ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳಲ್ಲಿ ಪ್ರಾಣಾಂತಿಕ ವೋಲ್ಟೇಜು ಹರಿಯುವುದರಿಂದ ಅವುಗಳನ್ನು ಮುಟ್ಟಲೇಬಾರದು.

ರೇಡಿಯೊದ ಬೆನ್ನನ್ನು ಓದಿರಿ

ಜೋಡಣೆಗೆ ಮುನ್ನ ರೇಡಿಯೊದ ಹಿಂಬದಿಯನ್ನೂ ಕೈಪಿಡಿಯನ್ನೂ ಓದಿ ಮೂರು ಸಂಗತಿಗಳನ್ನು ಖಚಿತಪಡಿಸಿಕೊಳ್ಳಬೇಕು.

ಮೊದಲನೆಯದು, ಹೊರಗಿನಿಂದ ಕೊಡಬೇಕಾದ ವೋಲ್ಟೇಜು ಎಷ್ಟು ಎಂಬುದು. ಅದು 3, 4.5, 6, 9 ಅಥವಾ 12 ಇರಬಹುದು. ಹೊಸ ಮಾದರಿಗಳಲ್ಲಿ ಯುಎಸ್‌ಬಿಯ 5 ವೋಲ್ಟ್ ಇರುತ್ತದೆ. ಕೆಲವು ಹ್ಯಾಮ್ ಕೈಸೆಟ್‌ಗಳಲ್ಲಿ 10ರಿಂದ 16 ಎಂಬಂತೆ ಒಂದು ವ್ಯಾಪ್ತಿಯನ್ನು ನಮೂದಿಸಿರುತ್ತಾರೆ. ಇಂಥವು ಮಾತ್ರ ಫ್ಯೂಸಿನ ಮೂಲಕ ಕಾರಿಗೆ ನೇರವಾಗಿ ಜೋಡಿಸಲು ಯೋಗ್ಯವಾದವು.

ಎರಡನೆಯದು, ಎಷ್ಟು ವಿದ್ಯುತ್ಪ್ರವಾಹ ಬೇಕು ಎಂಬುದು. ಆಲಿಸುವ ಸೆಟ್ಟಿಗೆ ಸಾಮಾನ್ಯವಾಗಿ 0.1ರಿಂದ 0.3 ಆಂಪಿಯರ್ ಸಾಕು. ಐದು ವ್ಯಾಟಿನ ಕೈಸೆಟ್ ಮಾತನ್ನು ಬಿತ್ತರಿಸುವಾಗ ಒಂದೂವರೆ, ಎರಡು ಆಂಪಿಯರ್ ಎಳೆಯುವುದುಂಟು.

ಮೂರನೆಯದು ಧ್ರುವ. ರೇಡಿಯೊದ ದುಂಡು ರಂಧ್ರದ ಪಕ್ಕದಲ್ಲಿ ಒಂದು ಚುಕ್ಕೆಯನ್ನು ಅರೆವೃತ್ತ ಬಳಸಿದಂಥ ಚಿತ್ರವಿರುತ್ತದೆ. ಚುಕ್ಕೆಗೆ ಕೂಡುಚಿಹ್ನೆಯಿದ್ದರೆ ಒಳಗಿನ ಕಡ್ಡಿ ಧನ, ಕಳೆಯುವ ಚಿಹ್ನೆಯಿದ್ದರೆ ಋಣ. ಕಾರಿನ ಸಿಗರೇಟ್ ಲೈಟರ್ ಸಾಕೆಟಿನಲ್ಲಿ ನಡುವಿನ ಗುಂಡಿ ಧನ, ಸುತ್ತಲಿನ ಲೋಹ ಋಣ. ಆದರೆ ಹಲವು ರೇಡಿಯೊಗಳಲ್ಲಿ ಇದಕ್ಕೆ ವಿರುದ್ಧವಾದ ಕ್ರಮವಿದೆ. ಧ್ರುವ ಅದಲುಬದಲಾದರೆ ರೇಡಿಯೊದ ಒಳಭಾಗ ತತ್‌ಕ್ಷಣ ಸುಡಬಹುದು. ಹೊರಕವಚವೇ ಧನವಾಗಿರುವ ಪ್ಲಗ್ಗು ಕಾರಿನ ಲೋಹದ ಮೈಗೆ ತಗಲಿದರೂ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಕಾರಿನ ಮೈಯೆಲ್ಲವೂ ಬ್ಯಾಟರಿಯ ಋಣ ತುದಿಗೆ ಸೇರಿರುವುದೇ ಇದಕ್ಕೆ ಕಾರಣ.

ವೋಲ್ಟೇಜು ತಗ್ಗಿಸುವ ದಾರಿಗಳು

ಒಂದು ರೆಸಿಸ್ಟರ್ ಹಾಕಿದರೆ ವೋಲ್ಟೇಜು ಇಳಿಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಇಳಿಯುತ್ತದೆ, ಆದರೆ ಸ್ಥಿರವಾಗಿ ನಿಲ್ಲುವುದಿಲ್ಲ. ರೇಡಿಯೊದ ದನಿ ಏರಿಸಿದಾಗ ಹೆಚ್ಚು ಪ್ರವಾಹ ಹರಿದು ವೋಲ್ಟೇಜು ಕುಸಿಯುತ್ತದೆ. ದನಿ ತಗ್ಗಿಸಿದಾಗ, ಸೆಟ್ಟು ಮೌನವಾಗಿದ್ದಾಗ, ವೋಲ್ಟೇಜು ಅಪಾಯದ ಮಟ್ಟಕ್ಕೆ ಏರುತ್ತದೆ. ಆದುದರಿಂದ ಈ ದಾರಿ ತಕ್ಕುದಲ್ಲ.

ಸರಿಯಾದ ದಾರಿ ರೆಗ್ಯುಲೇಟರ್. ಒಳಬರುವ ವೋಲ್ಟೇಜು ಏರಲಿ ಇಳಿಯಲಿ, ಹೊರಹೋಗುವುದನ್ನು ಒಂದೇ ಮಟ್ಟದಲ್ಲಿಡುವುದು ಇದರ ಕೆಲಸ. 7806, 7809 ಎಂಬ ಮೂರು ಕಾಲಿನ ಬಿಡಿಭಾಗಗಳು ಕ್ರಮವಾಗಿ 6 ಮತ್ತು 9 ವೋಲ್ಟನ್ನು ಕೊಡುತ್ತವೆ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯ ರಿಚಿ ಸ್ಟ್ರೀಟ್, ದೆಹಲಿಯ ಲಜಪತ ರಾಯ್ ಮಾರ್ಕೆಟ್, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆಗಳಲ್ಲಿ ಇವು ಅಲ್ಪ ಬೆಲೆಗೆ ದೊರೆಯುತ್ತವೆ. ಇವುಗಳ ಶಬ್ದಮಾಲಿನ್ಯ ಅತ್ಯಲ್ಪವಾದುದರಿಂದ ರೇಡಿಯೊಗೆ ಬಹಳ ಒಪ್ಪುತ್ತವೆ.

ಆದರೆ ಶಾಖದ ಲೆಕ್ಕವನ್ನು ಮರೆಯಬಾರದು. ಕಾರಿನ 13.8 ವೋಲ್ಟನ್ನು 6ಕ್ಕೆ ಇಳಿಸಿದಾಗ ಉಳಿಯುವ 7.8 ವೋಲ್ಟ್ ಎಲ್ಲಿಗೂ ಹೋಗದೆ ಬಿಸಿಯಾಗಿ ಮಾರ್ಪಡುತ್ತದೆ. ರೇಡಿಯೊ 0.25 ಆಂಪಿಯರ್ ಎಳೆಯುತ್ತಿದ್ದರೆ ಇದು ಸುಮಾರು 2 ವ್ಯಾಟ್. ಕೇಳಲು ಚಿಕ್ಕದು, ಆದರೆ ಬೆರಳ ಉಗುರಿನಷ್ಟಿರುವ ಆ ಬಿಡಿಭಾಗವನ್ನು ಬರಿದಾಗಿಟ್ಟರೆ ಅದರ ಒಳಗಿನ ತಾಪ ಸುತ್ತಲಿನ ಗಾಳಿಗಿಂತ ನೂರು ಡಿಗ್ರಿಗೂ ಮೇಲಕ್ಕೇರುತ್ತದೆ. ಆದ್ದರಿಂದ ಅಲ್ಯೂಮಿನಿಯಮ್ಮಿನ ಹೀಟ್‌ಸಿಂಕ್ ಕಡ್ಡಾಯ. ಅದನ್ನು ಸೀಟಿನ ಬಟ್ಟೆಗೆ, ಕಾರ್ಪೆಟ್ಟಿಗೆ, ಪ್ಲಾಸ್ಟಿಕ್ಕಿಗೆ ತಾಗದಂತೆ ಇಡಬೇಕು.

ಸ್ವತಃ ಬೆಸುಗೆ ಹಾಕಲಾರದವರು ಸಿದ್ಧ ಅಡಾಪ್ಟರ್ ಕೊಳ್ಳಬಹುದು. 3ರಿಂದ 12ರವರೆಗೆ ವೋಲ್ಟೇಜು ಬದಲಿಸುವ ಸ್ವಿಚ್ಚುಳ್ಳ ಅಡಾಪ್ಟರುಗಳಲ್ಲಿ ಎರಡು ದೋಷಗಳಿರುತ್ತವೆ. ಸ್ವಿಚ್ಚು ಕೈತಾಗಿ ಜಾರಿದರೆ 3 ವೋಲ್ಟಿನ ರೇಡಿಯೊಗೆ 9 ವೋಲ್ಟ್ ಹೋಗುತ್ತದೆ. '12' ಎಂಬ ಸ್ಥಾನದಲ್ಲಿ ಅನೇಕ ಅಗ್ಗದ ಅಡಾಪ್ಟರುಗಳು ಏನನ್ನೂ ನಿಯಂತ್ರಿಸದೆ ಕಾರಿನ ವೋಲ್ಟೇಜನ್ನೇ ಹಾಗೆಯೇ ದಾಟಿಸುತ್ತವೆ. ಸ್ವಿಚ್ಚನ್ನು ಸರಿಯಾದ ಸ್ಥಾನದಲ್ಲಿಟ್ಟು ಅದರ ಮೇಲೆ ಟೇಪು ಸುತ್ತಿಬಿಡುವುದು ಸುಲಭವಾದ ಪರಿಹಾರ.

ಯುಎಸ್‌ಬಿಯಿಂದ ಚಾರ್ಜ್ ಆಗುವ ರೇಡಿಯೊ ಉಳ್ಳವರ ಕೆಲಸ ಇನ್ನೂ ಹಗುರ. ಒಳ್ಳೆಯ ಕಾರ್ ಚಾರ್ಜರ್ ಒಂದಿದ್ದರೆ ಸಾಕು. ಎಲ್ಲಕ್ಕಿಂತ ನಿರಪಾಯವಾದುದು, ಪ್ರಯಾಣದಲ್ಲಿ ಪವರ್ ಬ್ಯಾಂಕನ್ನು ಕಾರಿನಲ್ಲಿ ಚಾರ್ಜ್ ಮಾಡಿಕೊಂಡು, ರೇಡಿಯೊವನ್ನು ಅದಕ್ಕೆ ಜೋಡಿಸುವುದು. ಆಗ ರೇಡಿಯೊಗೂ ಕಾರಿಗೂ ನೇರ ಸಂಬಂಧವೇ ಇರುವುದಿಲ್ಲ. ತೀರ ಕಡಿಮೆ ಪ್ರವಾಹ ಎಳೆಯುವ ರೇಡಿಯೊ ಜೋಡಿಸಿದಾಗ ಕೆಲವು ಪವರ್ ಬ್ಯಾಂಕುಗಳು ತಾವಾಗಿಯೇ ಆರಿಹೋಗುತ್ತವೆ ಎಂಬುದೊಂದೇ ಕೊರತೆ.

ಫ್ಯೂಸು ಯಾರ ರಕ್ಷಕ?

ಲೈಟರ್ ಸಾಕೆಟಿಗೆ ಕಾರಿನ ತಯಾರಕರು ಸಾಮಾನ್ಯವಾಗಿ 10ರಿಂದ 20 ಆಂಪಿಯರಿನ ಫ್ಯೂಸು ಹಾಕಿರುತ್ತಾರೆ. ಅದು ಸಾಕೆಟಿನವರೆಗಿನ ದಪ್ಪ ತಂತಿಗೆ ತಕ್ಕುದು. ನಮ್ಮ ರೇಡಿಯೊಗೆ ಹೋಗುವ ದಾರದಂಥ ತಂತಿಯಲ್ಲಿ ದೋಷ ಉಂಟಾದರೆ, ಆ ಫ್ಯೂಸು ಕರಗುವ ಮುನ್ನವೇ ತಂತಿ ಕೆಂಪಗೆ ಕಾದು ಹೊದಿಕೆ ಹೊತ್ತಿಕೊಳ್ಳಬಹುದು. ಆದುದರಿಂದ ರೇಡಿಯೊದ ತಂತಿಗೆ ಪ್ರತ್ಯೇಕವಾದ ಸಣ್ಣ ಫ್ಯೂಸು ಬೇಕೇ ಬೇಕು. ಆಲಿಸುವ ಸೆಟ್ಟಿಗೆ 1 ಆಂಪಿಯರ್, ಮಾತನಾಡುವ ಕೈಸೆಟ್ಟಿಗೆ 3 ಆಂಪಿಯರ್ ಸಾಕಾಗುತ್ತದೆ. ಒಳ್ಳೆಯ ಅಡಾಪ್ಟರಿನ ಮೂತಿಯನ್ನು ತಿರುಗಿಸಿ ಬಿಚ್ಚಿದರೆ ಒಳಗೆ ಗಾಜಿನ ಫ್ಯೂಸು ಕಾಣುತ್ತದೆ. ಕಾಣದಿದ್ದರೆ ಅಂಥ ಅಡಾಪ್ಟರನ್ನು ಕೊಳ್ಳದಿರುವುದೇ ಲೇಸು.

ಫ್ಯೂಸು ಹೋದಾಗ ಸಿಗರೇಟು ಪ್ಯಾಕಿನ ಬೆಳ್ಳಿಕಾಗದ ಸುತ್ತುವುದು, ತಾಮ್ರದ ಎಳೆ ಸೇರಿಸುವುದು ನಮ್ಮಲ್ಲಿ ಬಹುಕಾಲದಿಂದ ಬಂದ ಅಭ್ಯಾಸ. ಇದು ಮನೆಯಲ್ಲಿಯೂ ತಪ್ಪು, ಪೆಟ್ರೋಲು ತುಂಬಿದ ವಾಹನದಲ್ಲಿ ಮಹಾಪರಾಧ. ಫ್ಯೂಸು ಮತ್ತೆ ಮತ್ತೆ ಹೋಗುತ್ತಿದ್ದರೆ ದೊಡ್ಡ ಫ್ಯೂಸು ಹಾಕುವುದಲ್ಲ, ಕಾರಣವನ್ನು ಹುಡುಕುವುದು ಸರಿಯಾದ ಕ್ರಮ.

ಸಾಕೆಟನ್ನು ಬಿಟ್ಟು ಬ್ಯಾಟರಿಯಿಂದಲೇ ಶಾಶ್ವತವಾಗಿ ತಂತಿ ಎಳೆಯಬೇಕೆನ್ನುವವರು ನುರಿತ ಆಟೋ ಎಲೆಕ್ಟ್ರಿಷಿಯನ್ನರಿಂದ ಮಾಡಿಸುವುದು ಮೇಲು. ಆಗಲೂ ಈ ಅಂಶಗಳನ್ನು ನಿಂತು ನೋಡಿಕೊಳ್ಳಬೇಕು: ಫ್ಯೂಸು ಬ್ಯಾಟರಿಯ ಧನ ತುದಿಯಿಂದ ಒಂದು ಗೇಣಿನೊಳಗೆ ಇರಬೇಕು, ಏಕೆಂದರೆ ಫ್ಯೂಸಿಗಿಂತ ಹಿಂದಿರುವ ತಂತಿಗೆ ಯಾವ ರಕ್ಷಣೆಯೂ ಇರುವುದಿಲ್ಲ. ತಂತಿ ಲೋಹದ ಗೋಡೆಯನ್ನು ದಾಟುವಲ್ಲಿ ರಬ್ಬರಿನ ಬಳೆ ಇರಬೇಕು. ಕೆಲಸಕ್ಕೆ ಮುನ್ನ ಬ್ಯಾಟರಿಯ ಋಣ ತುದಿಯನ್ನು ಮೊದಲು ಬಿಚ್ಚಿ, ಕೊನೆಗೆ ಜೋಡಿಸಬೇಕು. ಹಳದಿ ಹೊದಿಕೆಯ ತಂತಿಗಳು ಏರ್‌ಬ್ಯಾಗಿಗೆ ಸೇರಿದವು. ಅವುಗಳ ಸಮೀಪ ಸುಳಿಯಬಾರದು. ಸಿಎನ್‌ಜಿ ಕಾರುಗಳಲ್ಲಿ ಸಿಲಿಂಡರು ಇರುವ ಡಿಕ್ಕಿಯ ಮೂಲಕ ತಂತಿ ಒಯ್ಯಬಾರದು. ವಾರಂಟಿ ಇರುವ ಹೊಸ ಕಾರಿನ ತಂತಿಗಳನ್ನು ಕತ್ತರಿಸಬಾರದು.

ಜೋಡಿಸುವ ಕ್ರಮ

ಇಪ್ಪತ್ತು ನಿಮಿಷ ಬಿಡುವು ಮಾಡಿಕೊಂಡು, ಒಂದು ಸಾಧಾರಣ ಮಲ್ಟಿಮೀಟರ್ ಹಿಡಿದು, ಹೀಗೆ ಮಾಡಬಹುದು. ಮೊದಲು ಅಡಾಪ್ಟರನ್ನು ಮಾತ್ರ ಸಾಕೆಟಿಗೆ ಸಿಕ್ಕಿಸಿ, ರೇಡಿಯೊ ಜೋಡಿಸದೆ, ತುದಿಯ ಪ್ಲಗ್ಗಿನ ವೋಲ್ಟೇಜನ್ನೂ ಧ್ರುವವನ್ನೂ ಅಳೆಯಿರಿ. ಅನಂತರ ಎಂಜಿನ್ ಚಾಲೂ ಮಾಡಿ ಮತ್ತೆ ಅಳೆಯಿರಿ. 6 ವೋಲ್ಟಿನ ಅಡಾಪ್ಟರು ಎರಡೂ ಸಲ 6ರ ಹತ್ತಿರವೇ ತೋರಿಸಿದರೆ ಅದರಲ್ಲಿ ನಿಜವಾದ ರೆಗ್ಯುಲೇಟರ್ ಇದೆ. ಅಂಕಿ 8, 9ಕ್ಕೆ ಏರಿದರೆ ಅದನ್ನು ಬದಿಗಿಡಿರಿ.

ರೇಡಿಯೊದ ಒಳಗಿನ ಸೆಲ್ಲುಗಳನ್ನೂ ಗಮನಿಸಬೇಕು. ಹೊರಗಿನ ವಿದ್ಯುತ್ತಿನಿಂದ ಒಳಗಿನ ಸೆಲ್ಲುಗಳನ್ನು ಚಾರ್ಜ್ ಮಾಡುವ ಸೆಟ್ಟುಗಳಿವೆ. ಅವುಗಳಲ್ಲಿ ಸಾಧಾರಣ ಆಲ್ಕಲೈನ್ ಸೆಲ್ಲುಗಳನ್ನಿಟ್ಟು ಕಾರಿಗೆ ಜೋಡಿಸಿದರೆ ಅವು ಸೋರಬಹುದು, ಸಿಡಿಯಲೂಬಹುದು. ಅಂಥ ಸೆಟ್ಟಿನಲ್ಲಿ ಪುನಃ ಚಾರ್ಜ್ ಆಗುವ ಸೆಲ್ಲುಗಳನ್ನೇ ಬಳಸಬೇಕು, ಇಲ್ಲವೇ ಸೆಲ್ಲುಗಳನ್ನು ಹೊರತೆಗೆಯಬೇಕು.

ದಿನನಿತ್ಯದ ಬಳಕೆಯಲ್ಲಿ ಪಾಲಿಸಬೇಕಾದ ನಿಯಮ ಒಂದೇ: ಎಂಜಿನ್ ಚಾಲೂ ಆದ ಮೇಲೆ ರೇಡಿಯೊ ಜೋಡಿಸಿರಿ, ಎಂಜಿನ್ ನಿಲ್ಲಿಸುವ ಮುನ್ನ ಬಿಚ್ಚಿರಿ. ಮೇಲೆ ಹೇಳಿದ ಕುಸಿತ, ನೆಗೆತಗಳಲ್ಲಿ ಹೆಚ್ಚಿನವು ಇದರಿಂದಲೇ ತಪ್ಪುತ್ತವೆ. ತಂತಿ ಸ್ಟಿಯರಿಂಗಿಗಾಗಲಿ ಬ್ರೇಕಿನ ಪೆಡಲಿಗಾಗಲಿ ತೊಡಕಾಗದಂತೆ ಇರಲಿ. ರೇಡಿಯೊವನ್ನು ಏರ್‌ಬ್ಯಾಗಿನ ಮೇಲೆ ಇಡಬೇಡಿರಿ.

ಗೊರಗೊರ ಸದ್ದು ಬಂದಾಗ

ಕಾರಿಗೆ ಜೋಡಿಸಿದ ಕೂಡಲೇ ಕೇಂದ್ರಗಳು ಮಸುಕಾಗಿ ಗೊರಗುಟ್ಟುವ ಸದ್ದು ಬರುವುದುಂಟು. ಎಂಜಿನ್ನಿನ ವೇಗಕ್ಕೆ ತಕ್ಕಂತೆ ಏರಿಳಿಯುವ ಸಿಳ್ಳಿನಂಥ ದನಿಯಾದರೆ ಅದು ಆಲ್ಟರ್ನೇಟರಿನದು. ಎಂಜಿನ್ ಆರಿಸಿದರೂ ಇರುವ ಏಕಪ್ರಕಾರದ ಕರಕರ ಸದ್ದು ಅಡಾಪ್ಟರಿನದು. ವೋಲ್ಟೇಜನ್ನು ವೇಗವಾಗಿ ತುಂಡರಿಸಿ ತಗ್ಗಿಸುವ ಯುಎಸ್‌ಬಿ ಚಾರ್ಜರುಗಳಲ್ಲಿ ಈ ತೊಂದರೆ ಹೆಚ್ಚು. ಅವು ಬಿಸಿಯಾಗುವುದು ಕಡಿಮೆ, ಆದರೆ ತಾವೇ ಒಂದು ಪುಟ್ಟ ಪ್ರಸಾರ ಕೇಂದ್ರದಂತೆ ಗದ್ದಲವನ್ನು ಹೊರಸೂಸುತ್ತವೆ. ಅಡಾಪ್ಟರನ್ನು ಕಿತ್ತು ಸೆಲ್ಲುಗಳ ಮೇಲೆ ರೇಡಿಯೊ ನಡೆಸಿದಾಗ ಸದ್ದು ಅಡಗಿದರೆ ದೋಷ ಎಲ್ಲಿದೆಯೆಂಬುದು ಸ್ಪಷ್ಟ. ತಂತಿಯನ್ನು ಫೆರೈಟ್ ಬಳೆಯೊಳಗೆ ನಾಲ್ಕೈದು ಸುತ್ತು ಹಾಯಿಸಿದರೆ ಬಹುಮಟ್ಟಿಗೆ ಉಪಶಮನವಾಗುತ್ತದೆ.

ಬೆಳಗ್ಗೆ ಕಾರು ಹೊರಡಬೇಕಲ್ಲ!

ಕೆಲವು ಕಾರುಗಳಲ್ಲಿ ಕೀಲಿ ತೆಗೆದ ಮೇಲೂ ಸಾಕೆಟಿನಲ್ಲಿ ವಿದ್ಯುತ್ತು ಇರುತ್ತದೆ. ಸಣ್ಣ ಕಾರಿನ ಬ್ಯಾಟರಿ ಸುಮಾರು 35 ಆಂಪಿಯರ್-ಗಂಟೆಯದು ಎಂದಿಟ್ಟುಕೊಳ್ಳೋಣ. 0.25 ಆಂಪಿಯರಿನ ರೇಡಿಯೊವನ್ನು ಹತ್ತು ಗಂಟೆ ಕೇಳಿದರೆ ಖರ್ಚಾಗುವುದು ಎರಡೂವರೆ ಮಾತ್ರ. ಸುಸ್ಥಿತಿಯಲ್ಲಿರುವ ಬ್ಯಾಟರಿಗೆ ಇದು ಭಾರವಲ್ಲ. ಅದನ್ನೇ ಮರೆತು ನಾಲ್ಕು ದಿನ ಬಿಟ್ಟರೆ 24 ಆಂಪಿಯರ್-ಗಂಟೆ ಸೋರಿಹೋಗಿ ಎಂಜಿನ್ ಚಾಲೂ ಆಗದು. ರಜೆಯಲ್ಲಿ ಊರಿಗೆ ಹೊರಟವರು ಆಗುಂಬೆಯ ತಿರುವಿನಲ್ಲೋ ಶಿರಾಡಿ ಘಾಟಿಯಲ್ಲೋ ರಾತ್ರಿ ಹೀಗೆ ನಿಲ್ಲುವಂತಾಗಬಾರದು. ಬೇಸಗೆಯ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಲಿಥಿಯಂ ಬ್ಯಾಟರಿಯುಳ್ಳ ಸೆಟ್ಟನ್ನಾಗಲಿ ಪವರ್ ಬ್ಯಾಂಕನ್ನಾಗಲಿ ಬಿಟ್ಟುಹೋಗುವುದೂ ಅಪಾಯಕರ.

ಬ್ಯಾಟರಿ ಇಳಿಯದಿರಲೆಂದು ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸುತ್ತ ರೇಡಿಯೊ ಕೇಳುವುದು ಎಲ್ಲಕ್ಕಿಂತ ಭಯಂಕರವಾದ ತಪ್ಪು. ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ಅರಿವಿಗೆ ಬಾರದಂತೆ ಪ್ರಾಣ ತೆಗೆಯುತ್ತದೆ. ನೆರೆಯ ನೀರಿನಲ್ಲಿ ಕಾರು ಸಿಕ್ಕಿಕೊಂಡಾಗಲೂ ಅಷ್ಟೇ. ನೀರು ಏರುತ್ತಿದ್ದರೆ ಸುದ್ದಿಗಾಗಿ ಕಾಯುತ್ತ ಕೂರದೆ, ಬಾಗಿಲು ತೆರೆಯುವಷ್ಟು ಅವಕಾಶವಿರುವಾಗಲೇ ಹೊರಬಂದು ಎತ್ತರದ ಸ್ಥಳ ಸೇರಬೇಕು.

2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿದ್ದ ಹ್ಯಾಮ್‌ಗಳ ತಂಡವೊಂದು, ಇತರ ಸಂಪರ್ಕಗಳು ಕಡಿದುಹೋಗಿದ್ದ ವೇಳೆ, ಹೊರನಾಡಿಗೆ ಸಂದೇಶಗಳನ್ನು ಮುಟ್ಟಿಸಿತು. ಆಪತ್ತು ಬಂದ ಮೇಲೆ ತಂತಿ, ಪ್ಲಗ್ಗುಗಳನ್ನು ಹುಡುಕಲು ಸಮಯವಿರುವುದಿಲ್ಲ. ಬರುವ ಮಳೆಗಾಲಕ್ಕೆ ಮುನ್ನ ಒಂದು ಭಾನುವಾರ ಮಲ್ಟಿಮೀಟರಿನಿಂದ ಅಳೆದು ನೋಡಿದ ಒಂದು ಅಡಾಪ್ಟರ್, ಎರಡು ಹೆಚ್ಚುವರಿ ಫ್ಯೂಸು, ಒಂದು ಜೊತೆ ಹೊಸ ಸೆಲ್ಲುಗಳನ್ನು ಡಬ್ಬಿಯೊಂದರಲ್ಲಿ ಹಾಕಿ ರೇಡಿಯೊದ ಜೊತೆಗೆ ಕಾರಿನ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಜೋಡಿಸುವ ಕ್ರಮವನ್ನು ಮನೆಯ ಹೆಂಗಸರು, ಮಕ್ಕಳಾದಿಯಾಗಿ ಎಲ್ಲರಿಗೂ ಒಮ್ಮೆ ತೋರಿಸಿಕೊಟ್ಟಿರಬೇಕು. ಲಿಥಿಯಂ ಸೆಟ್ಟುಗಳನ್ನು ಮಾತ್ರ ಮನೆಯೊಳಗಿಟ್ಟು, ಹೊರಡುವಾಗ ಜೊತೆಗೆ ಒಯ್ಯುವುದು ಕ್ಷೇಮ.